ಅನ್ನದ ದಾರಿಯಲ್ಲಿ ಅಕ್ಷರ: ಕಾಮರಾಜರ ಬದುಕು

ಶಾಲೆಯೊಂದು ನೂರು ವರ್ಷಗಳನ್ನು ಪೂರೈಸಿದಾಗ ಸಂಸ್ಥಾಪಕರನ್ನೂ ಭೂದಾನಿಗಳನ್ನೂ ಗುರುಹಿರಿಯರನ್ನೂ ನೆನೆಯುವುದು ವಾಡಿಕೆ, ಅದು ನಮ್ಮ ಧರ್ಮವೂ ಹೌದು. ಆ ಪುಣ್ಯಸ್ಮರಣೆಯ ಸಾಲಿನಲ್ಲಿ ಇನ್ನೊಬ್ಬರ ಹೆಸರನ್ನೂ ಸೇರಿಸಬೇಕೆಂದು ನಮಗೆ ತೋರಿತು. ಅವರು ಕನ್ನಡಿಗರಲ್ಲ, ಶಿಕ್ಷಕರೂ ಅಲ್ಲ. ಅವರ ಸ್ವಂತ ಓದು ಆರನೆಯ ತರಗತಿಯ ಆಸುಪಾಸಿನಲ್ಲೇ ನಿಂತುಹೋಗಿತ್ತು. ಆದರೂ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಕಳೆದ ಏಳು ದಶಕಗಳಿಂದ ಬರೆಯಲ್ಪಟ್ಟ ಹೆಸರುಗಳಲ್ಲಿ ಎಷ್ಟೋ ಹೆಸರುಗಳು ಅವರಿಲ್ಲದಿದ್ದರೆ ಅಲ್ಲಿ ಇರುತ್ತಲೇ ಇರಲಿಲ್ಲ. ಅವರೇ ಮದರಾಸು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಕೆ. ಕಾಮರಾಜರು.

ನಮ್ಮ ಪೆನ್ನಾಗರಂ ಸೀಮೆಯನ್ನು ಬಲ್ಲವರಿಗೆ ಈ ಮಾತಿನ ಅರ್ಥವನ್ನು ವಿಸ್ತರಿಸಬೇಕಾಗಿಲ್ಲ. ಹೊಗೇನಕಲ್ಲಿನಲ್ಲಿ ಕಾವೇರಿ ಭೋರ್ಗರೆದು ಧುಮುಕುತ್ತಾಳೆ. ಆದರೆ ಆ ನೀರು ಕಣಿವೆಯಲ್ಲಿ ಹರಿದು ಹೋಗುತ್ತದೆಯೇ ಹೊರತು ಮೇಲಿನ ಹೊಲಗಳಿಗೆ ಹತ್ತುವುದಿಲ್ಲ. ಇಲ್ಲಿಯದು ಮಳೆಯನ್ನೇ ನಂಬಿದ ಬೇಸಾಯ: ರಾಗಿ, ಸಾಮೆ, ಹುರುಳಿ, ಅವರೆ, ಕಡಲೆಕಾಯಿ. ಮಳೆ ಕೈಕೊಟ್ಟ ವರ್ಷ ಮುದ್ದೆಯ ಜಾಗಕ್ಕೆ ಅಂಬಲಿ ಬರುತ್ತದೆ, ಅಂಬಲಿಯೂ ದಿನೇ ದಿನೇ ತೆಳುವಾಗುತ್ತದೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಮಹಾ ಬರದಲ್ಲಿ ಅಂದಿನ ಸೇಲಂ ಜಿಲ್ಲೆಯೂ ನೆರೆಯ ಮೈಸೂರು ಸಂಸ್ಥಾನವೂ ಅತಿಯಾಗಿ ನಲುಗಿದವು. 1871ರ ಜನಗಣತಿಗಿಂತ 1881ರ ಜನಗಣತಿಯಲ್ಲಿ ಎರಡೂ ಕಡೆ ಜನಸಂಖ್ಯೆ ಇಳಿದುಹೋಗಿತ್ತು. ಇಂಥ ನೆಲದಲ್ಲಿ ಮಗು ಶಾಲೆಗೆ ಬರುವುದೋ ಬಾರದೋ ಎಂಬುದನ್ನು ಬಹುಕಾಲ ತೀರ್ಮಾನಿಸಿದ್ದು ಪಠ್ಯಕ್ರಮವಲ್ಲ, ಮನೆಯ ಮಡಕೆ.

ಕಾಮರಾಜರು 1903ರ ಜುಲೈ 15ರಂದು, ಈಗ ವಿರುದುನಗರ ಎನಿಸಿರುವ ವಿರುದುಪಟ್ಟಿಯಲ್ಲಿ ಜನಿಸಿದರು. ತಂದೆ ಕುಮಾರಸ್ವಾಮಿ ನಾಡಾರ್, ತಾಯಿ ಶಿವಕಾಮಿ ಅಮ್ಮಾಳ್, ತಂಗಿ ನಾಗಮ್ಮಾಳ್. ವಿರುದುಪಟ್ಟಿಯೂ ನಮ್ಮ ಸೀಮೆಯಂತೆಯೇ ಮಳೆ ಕಡಿಮೆಯ ಊರು, ವ್ಯಾಪಾರದಿಂದ ಬದುಕಿದ ಊರು. ನಾಡಾರ್ ಸಮುದಾಯದವರಿಗೆ ಆಗ ದೊಡ್ಡ ದೇವಸ್ಥಾನಗಳ ಬಾಗಿಲು ಮುಚ್ಚಿತ್ತು. ಕಾಮರಾಜರು ಹುಟ್ಟುವ ನಾಲ್ಕು ವರ್ಷ ಮುಂಚೆ, 1899ರಲ್ಲಿ, ಈ ಕಾರಣಕ್ಕಾಗಿಯೇ ಹತ್ತಿರದ ಶಿವಕಾಶಿಯಲ್ಲಿ ದೊಡ್ಡ ಗಲಭೆ ನಡೆದಿತ್ತು. ಮಗುವಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಒಡವೆಗಳನ್ನು ಮಾರಿ, ಬಂದ ಹಣವನ್ನು ವರ್ತಕರಲ್ಲಿ ಇಟ್ಟು, ಅದರ ಬಡ್ಡಿಯಲ್ಲಿ ಸಂಸಾರ ತೂಗಿಸಿದರು. ತಿಂಗಳ ಕೊನೆಯನ್ನು ಎಣಿಸಿಕೊಂಡು ಅಕ್ಕಿ ಅಳೆಯುವ ಮನೆಯಲ್ಲಿ ಆ ಬಾಲಕ ಬೆಳೆದ.

ಅವರ ಬಾಲ್ಯದ ಒಂದು ಪ್ರಸಂಗವನ್ನು ಜೀವನಚರಿತ್ರೆಕಾರರು ತಪ್ಪದೆ ಹೇಳುತ್ತಾರೆ. ಶಾಲೆಯಲ್ಲಿ ವಿನಾಯಕ ಚೌತಿಗೆ ಎಲ್ಲ ಮಕ್ಕಳಿಂದಲೂ ಕಾಸು ಕೂಡಿಸಿ ಪೂಜೆ ಮಾಡಿದರು. ಪ್ರಸಾದ ಹಂಚುವ ಹೊತ್ತಿಗೆ ದೊಡ್ಡ ಹುಡುಗರು ನೂಕಾಡಿ ಮುಂದೆ ಹೋಗಿ ಕೈತುಂಬ ಪಡೆದರು. ನೂಕಾಟಕ್ಕೆ ಇಳಿಯದೆ ಪಕ್ಕದಲ್ಲಿ ನಿಂತಿದ್ದ ಕಾಮರಾಜನಿಗೆ ಸಿಕ್ಕಿದ್ದು ಚಿಟಿಕೆಯಷ್ಟು. ಇಷ್ಟೇ ಏಕೆ ತಂದೆ ಎಂದು ಮನೆಯಲ್ಲಿ ಅಜ್ಜಿ ಕೇಳಿದಾಗ ಅವನು ತನ್ನ ದುರ್ಬಲತೆಯನ್ನು ಹೇಳಿಕೊಳ್ಳಲಿಲ್ಲ. ಎಲ್ಲರಿಂದಲೂ ಸಮನಾಗಿ ಕಾಸು ಪಡೆದ ಮೇಲೆ ಸಮನಾಗಿ ಹಂಚುವುದು ಉಪಾಧ್ಯಾಯರ ಕೆಲಸವಾಗಿತ್ತು ಎಂದನಂತೆ. ಶಿಕ್ಷಕರಾದ ನಮಗೆ ಈ ಪ್ರಸಂಗ ಚುಚ್ಚುತ್ತದೆ. ಆಹಾರ ಇದೆಯೇ ಎಂಬುದು ಒಂದು ಪ್ರಶ್ನೆ, ಅದು ಸಾಲಿನ ಕೊನೆಯ ಮಗುವಿಗೆ ತಲುಪುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮುಂದೆ ಒಂದು ರಾಜ್ಯದ ನೀತಿಯಾಗಿ ಬೆಳೆದದ್ದು ಈ ಎರಡನೆಯ ಪ್ರಶ್ನೆಯೇ.

ಅವರು ಓದಿದ ಕ್ಷತ್ರಿಯ ವಿದ್ಯಾಶಾಲೆಯ ಇತಿಹಾಸವೂ ಇಲ್ಲಿ ಗಮನಾರ್ಹ. 1885ರಲ್ಲಿ ವಿರುದುಪಟ್ಟಿಯ ಸಮುದಾಯದವರೇ ಕಟ್ಟಿದ ಆ ಶಾಲೆ ಹಿಡಿ ಅಕ್ಕಿಯಿಂದ ನಡೆಯಿತು. ಪ್ರತಿಯೊಂದು ಮನೆಯಾಕೆಯೂ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿಯನ್ನು ಶಾಲೆಗೆಂದು ಬೇರೆ ತೆಗೆದಿಡುತ್ತಿದ್ದಳು. ಆ ಅಕ್ಕಿಯನ್ನು ಕೂಡಿಸಿ ಮಾರಿದ ಹಣದಿಂದ ಮಕ್ಕಳಿಗೆ ಉಚಿತವಾಗಿ ಪಾಠ ನಡೆಯುತ್ತಿತ್ತು. ಅನ್ನದಿಂದ ಶಾಲೆ ನಡೆಯಬಲ್ಲದು ಎಂಬುದನ್ನು ಕಾಮರಾಜರು ಪುಸ್ತಕದಿಂದ ಕಲಿತದ್ದಲ್ಲ, ಅಂಥ ಶಾಲೆಯ ಮಣೆಯ ಮೇಲೆ ಕುಳಿತೇ ಕಲಿತರು.

ಆದರೆ ಆ ಶಾಲೆಯಲ್ಲಿಯೂ ಅವರು ಬಹುಕಾಲ ಉಳಿಯಲಿಲ್ಲ. ಹನ್ನೆರಡರ ಆಸುಪಾಸಿನಲ್ಲಿ ಓದು ಬಿಟ್ಟು ಸೋದರಮಾವನ ಬಟ್ಟೆ ಅಂಗಡಿಗೆ ಸೇರಿದರು. ಅಂಗಡಿಯಲ್ಲಿ ಪತ್ರಿಕೆ ಓದುತ್ತ, ಸಂಜೆ ಸಭೆಗಳಲ್ಲಿ ನಿಲ್ಲುತ್ತ ಬೆಳೆದ ಹುಡುಗನನ್ನು 1919ರ ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡ ಕಾಂಗ್ರೆಸ್ಸಿಗೆ ಎಳೆದು ತಂದಿತು. 1930ರಲ್ಲಿ ರಾಜಾಜಿಯವರು ವೇದಾರಣ್ಯಕ್ಕೆ ಕೈಗೊಂಡ ಉಪ್ಪಿನ ಸತ್ಯಾಗ್ರಹದಲ್ಲಿ ಭಾಗವಹಿಸಿ ಮೊದಲ ಬಾರಿಗೆ ಸೆರೆಮನೆ ಕಂಡರು. ಉಪ್ಪೂ ಬಡವನ ಊಟದ ಪ್ರಶ್ನೆಯೇ ಆಗಿತ್ತು ಎಂಬುದನ್ನು ಮರೆಯುವಂತಿಲ್ಲ. ಸ್ವಾತಂತ್ರ್ಯದವರೆಗೆ ಅವರು ಸೆರೆಮನೆಗಳಲ್ಲಿ ಕಳೆದ ಕಾಲ ಒಟ್ಟು ಸುಮಾರು ಒಂಬತ್ತು ವರ್ಷ. 1940ರಲ್ಲಿ ತಮಿಳುನಾಡು ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾದ ಮೇಲೆ ಅವರು ಹಳ್ಳಿ ಹಳ್ಳಿಗಳನ್ನು ಸುತ್ತಿದರು. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. ಯಾವ ಊರಿಗೆ ಎಲ್ಲಿಂದ ನೀರು, ಯಾವ ಕೇರಿಯಲ್ಲಿ ಶಾಲೆ ಇಲ್ಲ ಎಂಬುದು ಅವರಿಗೆ ಕಡತ ನೋಡದೆಯೇ ತಿಳಿದಿರುತ್ತಿತ್ತು.

1954ರ ಏಪ್ರಿಲ್ 13ರಂದು ಅವರು ಮದರಾಸು ರಾಜ್ಯದ ಮುಖ್ಯಮಂತ್ರಿಯಾದರು. ಆ ಹುದ್ದೆಯಿಂದ ಇಳಿದವರು ನಮ್ಮ ಭಾಗದವರೇ ಆದ ರಾಜಾಜಿ. ಅಂದಿನ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಹೊಸೂರು ಮತ್ತು ಬೆಂಗಳೂರುಗಳಲ್ಲಿ ಓದಿ, ಸೇಲಂನಲ್ಲಿ ವಕೀಲರಾಗಿದ್ದವರು ಅವರು. ಯುದ್ಧಕಾಲದಿಂದ ಬಂದಿದ್ದ ಆಹಾರಧಾನ್ಯಗಳ ಪಡಿತರ ಮತ್ತು ನಿಯಂತ್ರಣವನ್ನು 1952ರಲ್ಲಿ ಧೈರ್ಯವಾಗಿ ತೆಗೆದುಹಾಕಿ, ಧಾನ್ಯವು ಮಾರುಕಟ್ಟೆಯಲ್ಲಿ ಮುಕ್ತವಾಗಿ ಹರಿಯುವಂತೆ ಮಾಡಿದವರೂ ಅವರೇ. ಆದರೆ 1953ರಲ್ಲಿ ಅವರು ತಂದ ಪ್ರಾಥಮಿಕ ಶಿಕ್ಷಣ ಯೋಜನೆಯಲ್ಲಿ ಮಗು ಅರ್ಧ ದಿನ ಮಾತ್ರ ಶಾಲೆಯಲ್ಲಿದ್ದು, ಉಳಿದ ಹೊತ್ತು ಮನೆಯ ಕಸುಬು ಕಲಿಯಬೇಕಿತ್ತು. ಜಾತಿಯ ಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಯೋಜನೆ ಇದು ಎಂದು ಜನ ಪ್ರತಿಭಟಿಸಿದರು. ಕಾಮರಾಜರು ಬಂದ ಕೂಡಲೇ ಅದನ್ನು ಹಿಂತೆಗೆದುಕೊಂಡರು. ತಮ್ಮ ವಿರುದ್ಧ ನಾಯಕತ್ವಕ್ಕೆ ಸ್ಪರ್ಧಿಸಿದ್ದ ಸಿ. ಸುಬ್ರಹ್ಮಣ್ಯಂ ಅವರನ್ನೇ ಸಂಪುಟಕ್ಕೆ ಸೇರಿಸಿಕೊಂಡು ಹಣಕಾಸು ಮತ್ತು ಶಿಕ್ಷಣ ಖಾತೆಗಳನ್ನು ಒಪ್ಪಿಸಿದರು.

ಅರ್ಧ ದಿನದ ಶಾಲೆಯನ್ನು ರದ್ದು ಮಾಡುವುದು ಸುಲಭವಾಗಿತ್ತು. ಮಗುವನ್ನು ಇಡೀ ದಿನ ಶಾಲೆಯಲ್ಲಿ ಉಳಿಸಿಕೊಳ್ಳುವುದು ಕಷ್ಟವಾಗಿತ್ತು. ತಮಿಳುನಾಡಿನಲ್ಲಿ ಇಂದಿಗೂ ಹೇಳುವ ಕಥೆಯೊಂದಿದೆ. ತೆಂಕಣ ಜಿಲ್ಲೆಯ ಚೇರನ್ಮಹಾದೇವಿಯ ರೈಲ್ವೆ ಗೇಟಿನ ಬಳಿ ಮುಖ್ಯಮಂತ್ರಿಗಳ ಕಾರು ನಿಂತಾಗ ದನ ಕಾಯುವ ಹುಡುಗರು ಕಂಡರು. ಶಾಲೆಗೆ ಏಕೆ ಹೋಗುತ್ತಿಲ್ಲ ಎಂದು ಕಾಮರಾಜರು ವಿಚಾರಿಸಿದರು. ಶಾಲೆಗೆ ಹೋದರೆ ಊಟ ಯಾರು ಹಾಕುತ್ತಾರೆ ಎಂದು ಒಬ್ಬ ಹುಡುಗ ಮರಳಿ ಕೇಳಿದ. ಪ್ರಶ್ನೆಗೆ ಪ್ರಶ್ನೆಯೇ ಉತ್ತರವಾಯಿತು. ಹುಡುಗ ಓದನ್ನು ನಿರಾಕರಿಸಿರಲಿಲ್ಲ, ಮನೆಯ ಲೆಕ್ಕವನ್ನು ಒಪ್ಪಿಸಿದ್ದ. ದನ ಕಾದರೆ ಒಂದು ಹೊತ್ತಿನ ಗಂಜಿ, ಶಾಲೆಗೆ ಹೋದರೆ ಅದೂ ಇಲ್ಲ. ತಾವೂ ಮನೆಯ ಬಡತನಕ್ಕಾಗಿ ಶಾಲೆ ಬಿಟ್ಟಿದ್ದ ಕಾಮರಾಜರಿಗೆ ಆ ಲೆಕ್ಕ ಅರ್ಥವಾಗುವುದು ಕಷ್ಟವಾಗಿರಲಿಲ್ಲ.

ಶಾಲೆಯಲ್ಲಿ ಊಟ ಎಂಬ ವಿಚಾರ ಪೂರ್ತಿ ಹೊಸದೇನೂ ಅಲ್ಲ. ಪಿಟ್ಟಿ ತ್ಯಾಗರಾಯರು ಅಧ್ಯಕ್ಷರಾಗಿದ್ದಾಗ ಮದರಾಸು ನಗರಸಭೆಯು 1920ರಲ್ಲಿ ಥೌಸಂಡ್ ಲೈಟ್ಸ್ ಪ್ರದೇಶದ ತನ್ನ ಶಾಲೆಯಲ್ಲಿ, ಮಗುವೊಂದಕ್ಕೆ ಒಂದಾಣೆ ಮೀರದಂತೆ, ಉಪಾಹಾರ ಕೊಡಲು ತೊಡಗಿತ್ತು. ಹಾಜರಾತಿ ಏರಿತು. ಆದರೆ ಬ್ರಿಟಿಷ್ ಸರ್ಕಾರ ಖರ್ಚಿಗೆ ಒಪ್ಪದೆ 1925ರಲ್ಲಿ ಅದು ನಿಂತಿತು. ಒಂದು ನಗರದ ಕೆಲವು ಶಾಲೆಗಳಲ್ಲಿ ನಿಂತುಹೋಗಿದ್ದ ಪ್ರಯೋಗವನ್ನು ಇಡೀ ರಾಜ್ಯಕ್ಕೆ ಹರಡಬೇಕೆಂಬುದು ಕಾಮರಾಜರ ಹಂಬಲವಾಯಿತು.

ಹಂಬಲಕ್ಕೆ ಹಣ ಬೇಕಲ್ಲವೆ? ಬೊಕ್ಕಸ ಚಿಕ್ಕದು, ಬೇಡಿಕೆಗಳು ಹಲವು. ಅಣೆಕಟ್ಟುಗಳೋ ಕಾರ್ಖಾನೆಗಳೋ ಮಕ್ಕಳ ಊಟವೋ ಎಂಬ ಆಯ್ಕೆಯಲ್ಲಿ ಊಟವು ಉತ್ಪಾದನೆಯಿಲ್ಲದ ಖರ್ಚಾಗಿ ಕಾಣುವುದು ಸಹಜ. ಹಿಡಿ ಅಕ್ಕಿಯ ಶಾಲೆಯಲ್ಲಿ ಓದಿದವರಿಗೆ ದಾರಿ ಹೊಳೆಯಿತು. ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದ ನೆ. ದು. ಸುಂದರವಡಿವೇಲು ಅವರು ಊರವರ ಕೊಡುಗೆಯಿಂದಲೇ ಕೆಲಸ ಆರಂಭಿಸಬಹುದೆಂದು ತೋರಿಸಿಕೊಟ್ಟರು. 1956ರಲ್ಲಿ ಕವಿ ಸುಬ್ರಹ್ಮಣ್ಯ ಭಾರತಿಯವರ ಜನ್ಮಸ್ಥಳವಾದ ಎಟ್ಟಯಾಪುರದಲ್ಲಿ ಕಾಮರಾಜರು ಮಧ್ಯಾಹ್ನದ ಊಟದ ಯೋಜನೆಗೆ ಚಾಲನೆ ನೀಡಿದರು. ಈ ಕೆಲಸಕ್ಕಾಗಿ ಊರೂರು ತಿರುಗಿ ಭಿಕ್ಷೆ ಬೇಡಲೂ ತಾವು ಸಿದ್ಧರೆಂದು ಅವರು ಅಂದು ಸಾರಿದರೆಂದು ಪ್ರತೀತಿ. ಊರವರ ಉತ್ಸಾಹ ಕಂಡ ಮೇಲೆ ಸರ್ಕಾರದ ಅನುದಾನವೂ ಬಂದಿತು. ವೆಚ್ಚದ ನೂರು ಪಾಲಿನಲ್ಲಿ 60 ಸರ್ಕಾರದ್ದು, 40 ಊರಿನದು ಎಂಬ ಏರ್ಪಾಡು ನಿಂತಿತು.

ಈ ಏರ್ಪಾಡಿನ ವಿವೇಕವನ್ನು ಇಂದಿನ ಪೋಷಕರು ಗಮನಿಸಬೇಕೆಂದು ನಮ್ಮ ವಿನಂತಿ. ಸರ್ಕಾರವೊಂದೇ ಕೊಟ್ಟಿದ್ದರೆ ಅದು ಮೇಲಿನಿಂದ ಬಂದ ದಾನವಾಗುತ್ತಿತ್ತು. ಊರವರಿಂದಲೇ ಬಂದಿದ್ದರೆ ಸಿರಿವಂತ ಊರಿನ ಮಕ್ಕಳು ಉಂಡು, ಬಡ ಊರಿನ ಮಕ್ಕಳು ಉಪವಾಸ ಇರುತ್ತಿದ್ದರು. ಇಬ್ಬರೂ ಕೂಡಿದಾಗ ಊಟ ಹಕ್ಕಿನ ಕಡೆಗೂ ಶಾಲೆ ಊರಿನ ಕಡೆಗೂ ಒಂದೊಂದು ಹೆಜ್ಜೆ ಇಟ್ಟವು. 1958ರಿಂದ ನಡೆದ ಶಾಲಾ ಸುಧಾರಣಾ ಸಮ್ಮೇಳನಗಳು ಈ ಭಾವನೆಯನ್ನು ಬೆಳೆಸಿದವು. ಜನರು ಶಾಲೆಗೆ ಜಾಗ, ಹಂಚು, ಬೆಂಚು, ಕಪ್ಪುಹಲಗೆ, ಅಡುಗೆಯ ಪಾತ್ರೆಗಳನ್ನು ತಂದುಕೊಟ್ಟರು. ಮಕ್ಕಳಿಗೆ ಸಮವಸ್ತ್ರವೂ ಬಂದಿತು. ಉಟ್ಟ ಬಟ್ಟೆಯಿಂದಲೂ ಉಂಡ ಎಲೆಯಿಂದಲೂ ಮಗುವಿನ ಮನೆಯ ಸ್ಥಿತಿ ತಿಳಿಯಬಾರದು ಎಂಬುದು ಅದರ ಒಳಗಿನ ಆಶಯವಾಗಿತ್ತು. 1961ರಿಂದ ಅಮೆರಿಕದ ಕೇರ್ ಸಂಸ್ಥೆಯು ಹಾಲಿನ ಪುಡಿ, ಜೋಳದ ಹಿಟ್ಟು, ಎಣ್ಣೆ ಮೊದಲಾದ ನೆರವು ನೀಡಿತು. ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿ ಎಪ್ಪತ್ತು ಸಮೀಪಿಸಿದವರು ಆ ಹಳದಿ ಉಪ್ಪಿಟ್ಟಿನ ವಾಸನೆಯನ್ನು ಇಂದಿಗೂ ಮರೆತಿಲ್ಲ.

ಯೋಜನೆ ಹುಟ್ಟಿದ ವರ್ಷವೇ ನಮ್ಮ ಗಡಿಯೂ ಬದಲಾಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳು ರಚನೆಯಾದವು. ಹೊಗೇನಕಲ್ಲಿನ ಆಚೆ ದಡದಲ್ಲಿರುವ, ಅಲ್ಲಿಯವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಹೋಯಿತು. ಈಚೆ ದಡದ ನಾವು ಮದರಾಸಿನಲ್ಲಿ ಉಳಿದೆವು. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂಬ ಸ್ಥಿತಿಯಲ್ಲಿ ಕನ್ನಡ ಶಾಲೆಗಳಿಗೆ ಮಕ್ಕಳು ಬರುವರೇ ಎಂಬ ಆತಂಕ ಹಿರಿಯರಿಗಿತ್ತು. ಆಗ ನಮಗೆ ಒದಗಿದ್ದು ಈ ಊಟದ ಪಂಕ್ತಿ. ಅದು ಮಗುವಿನ ಮಾತೃಭಾಷೆಯನ್ನು ಕೇಳಲಿಲ್ಲ, ಜಾತಿಯನ್ನೂ ಕೇಳಬಾರದಾಗಿತ್ತು. ಎಲ್ಲ ಊರುಗಳಲ್ಲಿಯೂ ಈ ಎರಡನೆಯದು ಸುಲಭವಾಗಿ ನಡೆಯಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಒಟ್ಟಿಗೆ ಕುಳಿತು ಉಣ್ಣುವುದನ್ನು ದೊಡ್ಡವರು ಮಕ್ಕಳಿಂದಲೇ ಕಲಿಯಬೇಕಾಯಿತು, ಕೆಲವೆಡೆ ಇನ್ನೂ ಕಲಿಯುತ್ತಿದ್ದಾರೆ.

ಕಾಮರಾಜರು ಅನ್ನವನ್ನು ಎಲೆಯ ಮೇಲೆ ಮಾತ್ರ ಯೋಚಿಸಿದವರಲ್ಲ, ಹೊಲದಿಂದಲೂ ಯೋಚಿಸಿದರು. ಅವರ ಆಡಳಿತದಲ್ಲಿ ವೈಗೈ, ಅಮರಾವತಿ, ಮಣಿಮುತ್ತಾರು, ಸಾತನೂರು ಮೊದಲಾದ ನೀರಾವರಿ ಯೋಜನೆಗಳು ಮುಗಿದವು. ನಮಗೆ ಹತ್ತಿರದ ಉದಾಹರಣೆ ಬೇಕಿದ್ದರೆ ದಕ್ಷಿಣ ಪಿನಾಕಿನಿಗೆ ಅಡ್ಡಲಾಗಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟನ್ನು ನೋಡಬಹುದು. 1957ರ ನವೆಂಬರಿನಲ್ಲಿ ಅದನ್ನು ಉದ್ಘಾಟಿಸಿದವರು ಅವರೇ. ಆಗ ಪೆನ್ನಾಗರವೂ ಕೃಷ್ಣಗಿರಿಯೂ ಸೇಲಂ ಜಿಲ್ಲೆಯಲ್ಲಿದ್ದವು, ಧರ್ಮಪುರಿ ಬೇರೆ ಜಿಲ್ಲೆಯಾದದ್ದು 1965ರಲ್ಲಿ.

1963ರ ಅಕ್ಟೋಬರ್ 2ರಂದು ಕಾಮರಾಜರು ಪಕ್ಷದ ಕೆಲಸಕ್ಕಾಗಿ ತಾವಾಗಿಯೇ ಅಧಿಕಾರ ಬಿಟ್ಟರು. ಮುಂದಿನ ವರ್ಷ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರೂ 1966ರಲ್ಲಿ ಇಂದಿರಾ ಗಾಂಧಿಯವರೂ ಪ್ರಧಾನಿಯಾಗುವಲ್ಲಿ ಅವರ ಪಾತ್ರ ನಿರ್ಣಾಯಕವಾಗಿತ್ತು. ಅದೇ ವರ್ಷಗಳಲ್ಲಿ ದೇಶ ಆಹಾರದ ಕಡು ಸಂಕಟಕ್ಕೆ ಸಿಲುಕಿತು, ಅಮೆರಿಕದ ಗೋಧಿಯ ಹಡಗುಗಳನ್ನು ಎದುರು ನೋಡುವ ಸ್ಥಿತಿ ಬಂದಿತು. ಮದರಾಸಿನಲ್ಲಿ ಅವರ ಸಹೋದ್ಯೋಗಿಯಾಗಿದ್ದ ಸಿ. ಸುಬ್ರಹ್ಮಣ್ಯಂ ಅವರೇ ಆಗ ಕೇಂದ್ರದ ಆಹಾರ ಸಚಿವರು. ಭಾರತ ಆಹಾರ ನಿಗಮ 1965ರ ಜನವರಿಯಲ್ಲಿ ತಂಜಾವೂರಿನಲ್ಲಿ ಕೆಲಸ ಆರಂಭಿಸಿತು, ಹೊಸ ಗೋಧಿ ತಳಿಗಳು ಹೊಲಕ್ಕಿಳಿದವು.

ಆದರೆ ಫಲ ಬರುವ ಮುಂಚೆಯೇ ಚುನಾವಣೆ ಬಂದಿತು. ಅಕ್ಕಿ ಸಿಗದೆ ಕಂಗೆಟ್ಟಿದ್ದ ಜನರಿಗೆ ವಿರೋಧ ಪಕ್ಷವು ರೂಪಾಯಿಗೆ ಮೂರು ಪಡಿ ಅಕ್ಕಿಯ ಭರವಸೆ ನೀಡಿತು. ಹಿಂದಿ ವಿರೋಧಿ ಚಳವಳಿಯ ಬಿಸಿಯೂ ಆರಿರಲಿಲ್ಲ. 1967ರಲ್ಲಿ ಕಾಂಗ್ರೆಸ್ ರಾಜ್ಯದಲ್ಲಿ ಅಧಿಕಾರ ಕಳೆದುಕೊಂಡಿತು. ಕಾಮರಾಜರು ತಮ್ಮ ಹುಟ್ಟೂರು ವಿರುದುನಗರದಲ್ಲಿಯೇ, ಒಬ್ಬ ಯುವ ವಿದ್ಯಾರ್ಥಿ ನಾಯಕನ ಎದುರು ಸೋತರು. ಲಕ್ಷಾಂತರ ಮಕ್ಕಳಿಗೆ ಊಟ ಕೊಟ್ಟವರನ್ನು ಅಕ್ಕಿಯ ಅಭಾವವೇ ಸೋಲಿಸಿತು. ಜೀವನಚರಿತ್ರೆಯಲ್ಲಿ ಇದನ್ನು ಮರೆಮಾಚುವ ಅಗತ್ಯವಿಲ್ಲ. ಹಸಿವೆಗೆ ನಿನ್ನೆಯ ಊಟದ ನೆನಪಿರುವುದಿಲ್ಲ. ಜನರನ್ನು ಅದಕ್ಕಾಗಿ ದೂಷಿಸುವುದೂ ಸಲ್ಲದು. ಶಾಲೆಯ ಎಲೆ ತುಂಬಿದ್ದು ಮನೆಯ ಮಡಕೆ ಬರಿದಾಗಿದ್ದರೆ ಆಹಾರ ನೀತಿ ಅರ್ಧ ದಾರಿಯಲ್ಲೇ ನಿಂತಿದೆ ಎಂದೇ ಅರ್ಥ.

ಕಾಮರಾಜರು ಜನರ ತೀರ್ಪನ್ನು ಗೊಣಗದೆ ಒಪ್ಪಿಕೊಂಡರು. 1969ರಲ್ಲಿ ನಾಗರಕೋಯಿಲಿನಿಂದ ಲೋಕಸಭೆಗೆ ಆರಿಸಿ ಬಂದರು. ಅದೇ ವರ್ಷ ಪಕ್ಷ ಒಡೆದಾಗ ಕನ್ನಡನಾಡಿನ ಎಸ್. ನಿಜಲಿಂಗಪ್ಪನವರ ಜೊತೆಯಲ್ಲಿ ನಿಂತರು. 1975ರ ಅಕ್ಟೋಬರ್ 2ರಂದು, ಗಾಂಧೀ ಜಯಂತಿಯ ದಿನ, ಮದರಾಸಿನ ಬಾಡಿಗೆ ಮನೆಯಲ್ಲಿ ತೀರಿಕೊಂಡರು. ಕೆಲವು ಪಂಚೆ, ಅಂಗಿ, ಪುಸ್ತಕಗಳು ಮತ್ತು ಅಲ್ಪ ಹಣ, ಇಷ್ಟೇ ಅವರು ಬಿಟ್ಟುಹೋದ ಆಸ್ತಿ. ಮುಖ್ಯಮಂತ್ರಿಯ ತಾಯಿ ಕೊನೆಯವರೆಗೆ ವಿರುದುನಗರದ ಹಳೆಯ ಮನೆಯಲ್ಲಿಯೇ, ಮಗ ಕಳಿಸುತ್ತಿದ್ದ ಸಣ್ಣ ಮೊತ್ತದಲ್ಲಿ ಬಾಳಿದರು. 1976ರಲ್ಲಿ ದೇಶ ಅವರಿಗೆ ಮರಣೋತ್ತರವಾಗಿ ಭಾರತ ರತ್ನ ನೀಡಿತು.

ಅವರು ಹಚ್ಚಿದ ಒಲೆ ಆರಲಿಲ್ಲ. 1982ರ ಜುಲೈ 1ರಂದು ಎಂ. ಜಿ. ರಾಮಚಂದ್ರನ್ ಅವರು ಪೌಷ್ಟಿಕ ಊಟದ ಯೋಜನೆಯಾಗಿ ಅದನ್ನು ಹಿಗ್ಗಿಸಿದರು. 1995ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಯೋಜನೆ ತಂದಿತು. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಹೊಳೆಯಾಚೆಯ ಕರ್ನಾಟಕದಲ್ಲಿ 2002ರಲ್ಲಿ ಅದು ಅಕ್ಷರ ದಾಸೋಹವೆಂಬ ಸುಂದರ ಹೆಸರು ಪಡೆಯಿತು. ಶರಣರ ದಾಸೋಹವನ್ನು ಬಲ್ಲ ಕನ್ನಡಿಗರಿಗೆ ಆ ಹೆಸರಿನಲ್ಲಿ ಒಂದು ಅರ್ಥವಿದೆ: ಅಲ್ಲಿ ಕೊಡುವವನು ದೊಡ್ಡವನಲ್ಲ, ಪಡೆಯುವವನು ಚಿಕ್ಕವನಲ್ಲ. 2022ರಲ್ಲಿ ತಮಿಳುನಾಡಿನಲ್ಲಿ ಬೆಳಗಿನ ಉಪಾಹಾರವೂ ಆರಂಭವಾಯಿತು. 2024ರ ಜುಲೈ 15ರಂದು, ಕಾಮರಾಜರ ಜನ್ಮದಿನದಂದೇ, ಅದು ಗ್ರಾಮೀಣ ಅನುದಾನಿತ ಶಾಲೆಗಳಿಗೂ ವಿಸ್ತರಿಸಿತು.

ಮೂವತ್ತು ವರ್ಷಗಳ ಸಮೀಪದ ಬೋಧನೆಯಲ್ಲಿ ನಾವು ಕಂಡುಕೊಂಡ ಒಂದು ಮಾತನ್ನು ಇಲ್ಲಿ ಹೇಳಬಹುದು. ಬಿ.ಎಡ್. ತರಗತಿಯಲ್ಲಿ ನಮಗೆ ಮಕ್ಕಳ ಗಮನವನ್ನು ಸೆಳೆಯುವ ಹತ್ತಾರು ವಿಧಾನಗಳನ್ನು ಕಲಿಸಿದರು. ಸೋಮವಾರ ಬೆಳಿಗ್ಗೆ ಏನನ್ನೂ ಉಣ್ಣದೆ ಬಂದ ಮಗುವಿನ ಮುಂದೆ ಅವು ಯಾವುವೂ ನಡೆಯುವುದಿಲ್ಲ. ತಂದೆ ತಾಯಿ ಕೂಲಿಗಾಗಿ ಬೆಂಗಳೂರಿಗೋ ತಿರುಪ್ಪೂರಿಗೋ ಹೋಗಿ, ಅಜ್ಜಿಯ ಆರೈಕೆಯಲ್ಲಿ ಉಳಿದ ಮಕ್ಕಳು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅಡುಗೆ ಮನೆಯ ಗಂಟೆಗಾಗಿ ಅವರ ಕಿವಿ ಕಾಯುತ್ತಿರುತ್ತದೆ. ಅದನ್ನು ಆಸೆಬುರುಕತನವೆಂದು ಗದರುವ ಶಿಕ್ಷಕನಿಗೆ ಹಸಿವೆಯ ಅನುಭವವಿಲ್ಲ ಎಂದಷ್ಟೇ ಹೇಳಬೇಕು.

ಆದ್ದರಿಂದ ಶತಮಾನೋತ್ಸವದ ಈ ಹೊತ್ತಿನಲ್ಲಿ ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಶಾಲೆಗೆ ಕಟ್ಟಡ ಕಟ್ಟಿಸಿ, ಕಂಪ್ಯೂಟರ್ ಕೊಡಿಸಿ, ಹೆಸರಿನ ಕಲ್ಲನ್ನೂ ನಿಲ್ಲಿಸಿ, ಸಂತೋಷ. ಅದರ ಜೊತೆಗೆ ಊರಿಗೆ ಬಂದಾಗ ಒಂದು ಮಧ್ಯಾಹ್ನ ಶಾಲೆಯ ಪಂಕ್ತಿಯಲ್ಲಿ ಮಕ್ಕಳ ಜೊತೆ ಕುಳಿತು ಉಣ್ಣಿ. ಸಾರಿನಲ್ಲಿ ಬೇಳೆ ಇದೆಯೇ, ಅನ್ನ ಬೆಂದಿದೆಯೇ, ಸಾಲಿನ ಕೊನೆಯಲ್ಲಿ ಕುಳಿತ ಮಗುವಿಗೆ ಎರಡನೆಯ ಬಾರಿ ಬಡಿಸಿದರೇ ಎಂಬುದನ್ನು ನೋಡಿ. ಅಡುಗೆಯಮ್ಮನವರನ್ನು ಹೆಸರು ಹಿಡಿದು ಮಾತನಾಡಿಸಿ. ಕಾಮರಾಜರಿಗೆ ಪ್ರತಿಮೆಗಳು ಸಾಕಷ್ಟಿವೆ. ಆರನೆಯ ತರಗತಿಗೆ ಓದು ನಿಲ್ಲಿಸಿದ ಆ ಹುಡುಗನಿಗೆ ನಾವು ಸಲ್ಲಿಸಬಹುದಾದ ಗೌರವ, ನಮ್ಮ ಶಾಲೆಯಲ್ಲಿ ಹಸಿವೆಯ ಕಾರಣಕ್ಕೆ ಯಾವ ಮಗುವಿನ ಓದೂ ಆರನೆಯ ತರಗತಿಗೆ ನಿಲ್ಲದಂತೆ ನೋಡಿಕೊಳ್ಳುವುದು.